ತ್ಯಾಗವೀರ ಸಿರಸಂಗಿ ಲಿಂಗರಾಜರು: ವಾಡೆಯ ಆಸ್ತಿಗೆ ಸಾಲಿಯ ಮಕ್ಕಳೇ ವಾರಸುದಾರರು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂಚಿಕೆಯಲ್ಲಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಿಂದಿನ ಶಾಸಕರಲ್ಲಿ ಒಬ್ಬರ ಬದುಕನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯ ಗುರುಗಳು ನನಗೆ ಸೂಚಿಸಿದರು. ಶಾಸಕರ ಹೆಸರುಗಳನ್ನು ಬರೆದುಕೊಳ್ಳುತ್ತ ಹಿಂದಕ್ಕೆ ಹಿಂದಕ್ಕೆ ಹೋದೆ. 1952ರ ಮೊದಲ ಮಹಾಚುನಾವಣೆ, 1937ರ ಚುನಾವಣೆ, ಅದಕ್ಕೂ ಹಿಂದೆ ಆಸ್ತಿ ಇದ್ದವರಿಗೆ ಮಾತ್ರ ಮತ ಇದ್ದ 1920ರ ಚುನಾವಣೆ. ಅದರಾಚೆ ಹೋದರೆ ಚುನಾವಣೆಯೇ ಇಲ್ಲದ ಕಾಲ. ಆ ಕಾಲದಲ್ಲಿ ನಿಂತಿರುವ ಒಂದು ಹೆಸರು ನನ್ನನ್ನು ಅಲ್ಲಿಯೇ ತಡೆಯಿತು. ಅದು ಸಿರಸಂಗಿಯ ಲಿಂಗರಾಜ ದೇಸಾಯರ ಹೆಸರು.

ಲಿಂಗರಾಜರು ಯಾರ ಬಾಗಿಲಿಗೂ ಮತ ಕೇಳಲು ಹೋದವರಲ್ಲ. ಆಗ ಹಳ್ಳಿಯ ಜನರ ಕೈಯಲ್ಲಿ ಮತವೇ ಇರಲಿಲ್ಲ. ಆದರೂ ಅವರ ಬಗ್ಗೆಯೇ ಬರೆಯಬೇಕೆಂದು ನಿರ್ಧರಿಸಿದ್ದಕ್ಕೆ ಕಾರಣವಿದೆ. ಶಾಸಕ ಎಂದರೆ ಶಾಸನ ಮಾಡುವವನು. ತಾನು ಇಲ್ಲದ ಕಾಲದಲ್ಲಿಯೂ ನಡೆಯುವಂಥ ಒಂದು ಕಟ್ಟಳೆಯನ್ನು ಬರೆದಿಟ್ಟು ಹೋಗುವವನು. ಆ ಅರ್ಥದಲ್ಲಿ ನಮ್ಮ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ವಾಡೆಯಲ್ಲಿ ಬಾಳಿದ ಈ ಮನುಷ್ಯರು ಬರೆದಿಟ್ಟ ಒಂದೇ ಒಂದು ಮೃತ್ಯುಪತ್ರ, ಎಷ್ಟೋ ಸಭೆಗಳು ಮಾಡಿದ ಕಾಯ್ದೆಗಳಿಗಿಂತ ಹೆಚ್ಚು ಕಾಲ ಬಾಳಿದೆ.

ಅದರ ಮಹತ್ವ ತಿಳಿಯಬೇಕಾದರೆ ನಮ್ಮ ಈ ನಾಲ್ಕೂ ಭಾಗಗಳ ಇತಿಹಾಸವನ್ನು ಒಂದು ಪ್ರಶ್ನೆಯ ಮೂಲಕ ನೋಡಬೇಕು. ಮನೆಗೆ ಮಗನಿಲ್ಲದಿದ್ದರೆ ಆಸ್ತಿಗೆ ವಾರಸುದಾರ ಯಾರು? ಈಗ ಇದು ಅಣ್ಣತಮ್ಮಂದಿರು, ಇಲ್ಲವೇ ಕೋರ್ಟಿನವರು ಬಗೆಹರಿಸುವ ಮಾತು. ಇನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗಾಗಿ ನಮ್ಮ ನೆಲದಲ್ಲಿ ರಕ್ತ ಹರಿದಿದೆ.

ಕಿತ್ತೂರಿನ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಸಾಯುವ ಮೊದಲು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಸಂಸ್ಥಾನದ ಖಜಾನೆಗೆ ಕಂಪನಿಯ ಕಾವಲು ಬಿತ್ತು. ರಾಣಿ ಚೆನ್ನಮ್ಮ ಎದ್ದು ನಿಂತದ್ದು ಇಲ್ಲಿಂದ. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಅವರ ಸಮಾಧಿ ಇಂದಿಗೂ ಅಲ್ಲಿಯೇ ಇದೆ. ಸಂಗೊಳ್ಳಿ ರಾಯಣ್ಣ ಮತ್ತೆ ದಂಡು ಕಟ್ಟಿದ್ದೂ ಅದೇ ದತ್ತಕ ಪುತ್ರನನ್ನು ಗಾದಿಗೆ ತರಲೆಂದು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇದಾಗಿ ಮೂವತ್ತು ವರ್ಷ ಕಳೆಯುವುದರಲ್ಲಿ ಅದೇ ಪ್ರಶ್ನೆ ಮಲಪ್ರಭೆಯ ಇನ್ನೊಂದು ಮಗ್ಗುಲಿನಲ್ಲಿ ಎದ್ದಿತು. ನರಗುಂದದ ಬಾಬಾಸಾಹೇಬರಿಗೂ ಮಗನಿರಲಿಲ್ಲ. ದತ್ತಕಕ್ಕೆ ಒಪ್ಪಿಗೆ ಕೇಳಿದರು, ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನಮ್ಮ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ರಾತ್ರಿ ಬೀಡು ಬಿಟ್ಟಿದ್ದಾಗ ನರಗುಂದದವರು ಮೇಲೆ ಬಿದ್ದು ಅವನನ್ನು ಕೊಂದರು. ಎರಡು ವಾರಗಳಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ನರಗುಂದ ಸಂಸ್ಥಾನ ಅಳಿಯಿತು. ಅದೇ ಭಾವೆ ಮನೆತನದ ರಾಮದುರ್ಗ ಸಂಸ್ಥಾನ ಮಾತ್ರ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಹೀಗೆ ಕಿತ್ತೂರಿನಿಂದ ಸುರೇಬಾನದವರೆಗೆ ಒಂದೇ ಪ್ರಶ್ನೆ ಎರಡು ಮನೆತನಗಳನ್ನು ನುಂಗಿತ್ತು. ನರಗುಂದದ ಗಲ್ಲು ನಡೆದು ಮೂರು ವರ್ಷ ತುಂಬುವುದರೊಳಗೆ, 1861ರ ಜನವರಿ 10ರಂದು, ಹುಬ್ಬಳ್ಳಿಯ ಆಚೆಯ ಶಿಗ್ಗಾಂವಿಯಲ್ಲಿ ಒಂದು ಗಂಡು ಮಗು ಹುಟ್ಟಿತು. ಮುಂದೆ ಸಿರಸಂಗಿಯ ವಾಡೆಗೆ ದತ್ತಕ ಬಂದದ್ದು ಅದೇ ಮಗು.

ಸಿರಸಂಗಿಯನ್ನು ನಮ್ಮ ಭಾಗದಲ್ಲಿ ಬಲ್ಲದವರಿಲ್ಲ. ಕಾಳಿಕಾದೇವಿಯ ಗುಡಿಯಿಂದ ಆ ಊರು ಹೆಸರಾಗಿದೆ. ಯುಗಾದಿಯ ಹೊತ್ತಿಗೆ ಜಾತ್ರೆ ಕೂಡುತ್ತದೆ, ಹೊಸ ಗೋದಿ ಅಮ್ಮನಿಗೆ ಸಲ್ಲುತ್ತದೆ. ವಿಶ್ವಕರ್ಮ ಸಮಾಜದವರು ದೂರದೂರದಿಂದ ನಡೆದುಕೊಳ್ಳುವ ಸ್ಥಳ ಅದು. ಅಲ್ಲಿನ ದೇಸಾಯರದು ನವಲಗುಂದ ಮತ್ತು ಸಿರಸಂಗಿ ಎರಡೂ ಕಡೆ ಹಬ್ಬಿದ ಮನೆತನ. ಸವದತ್ತಿಯ ಊರ ನಡುವೆ ಇಂದಿಗೂ ಬುರುಜು ಚಾಚಿ ನಿಂತಿರುವ ಕೋಟೆಯನ್ನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದವರು ಇದೇ ಮನೆತನದ ಜಾಯಪ್ಪ ದೇಸಾಯರು. ಮಕ್ಕಳು ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಬಸ್ಸಿನಿಂದ ಆ ಕೋಟೆಯನ್ನು ನೋಡುತ್ತಾರೆ, ಕಟ್ಟಿಸಿದವರ ಹೆಸರು ಕೇಳಿರುವುದಿಲ್ಲ.

ದೇಸಾಯಿ ಎಂಬುದು ಈಗ ಒಂದು ಅಡ್ಡಹೆಸರು. ಆಗ ಅದು ಒಂದು ಹುದ್ದೆ. ಆದಿಲಶಾಹಿಯಲ್ಲೂ ಮುಂದೆ ಮರಾಠರ ಕಾಲದಲ್ಲೂ ಒಂದು ಪರಗಣೆಯ ಕಂದಾಯವನ್ನು ಎತ್ತಿ ಸರಕಾರಕ್ಕೆ ಮುಟ್ಟಿಸುವುದು, ಸೀಮೆಯ ಬಂದೋಬಸ್ತು ನೋಡುವುದು ದೇಸಾಯರ ಕೆಲಸ. ಅದಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಜಮೀನು ಮತ್ತು ಹಕ್ಕುಗಳು. ಇದಕ್ಕೆ ವತನ ಎಂದು ಹೆಸರು. 1818ರಲ್ಲಿ ಪೇಶ್ವೆಯ ರಾಜ್ಯ ಇಂಗ್ಲಿಷರ ಕೈಗೆ ಹೋದ ಮೇಲೆ ಕಂದಾಯ ವಸೂಲಿ ಮಾಮಲೇದಾರನ ಕಚೇರಿಗೆ ಹೋಯಿತು. ದೇಸಾಯರ ಕೈಯಲ್ಲಿ ಕೆಲಸ ಉಳಿಯಲಿಲ್ಲ, ಜಮೀನು ಉಳಿಯಿತು. ಅದೂ ಸುಮ್ಮನೆ ಉಳಿಯಲಿಲ್ಲ. 1852ರಲ್ಲಿ ಇನಾಮ್ ಕಮಿಷನ್ ಬಂದು ಪ್ರತಿಯೊಂದು ಇನಾಮಿಗೂ ಕಾಗದ ತೋರಿಸಲು ಕೇಳಿತು. ತೋರಿಸಲಾಗದವರು ಕಳೆದುಕೊಂಡರು. 1858ರಲ್ಲಿ ರಾಣಿಯ ಸರಕಾರ ಬಂದ ನಂತರವೇ ಈ ಬಿಗಿ ಸಡಿಲಾದದ್ದು. ನಜರಾಣೆ ಕಟ್ಟಿದರೆ ಇನಾಮು ಮುಂದುವರಿಯುವ, ದತ್ತಕವನ್ನು ಒಪ್ಪುವ ಕಟ್ಟಳೆಗಳು ಬಂದವು. ಹಾಗೆ ನೋಡಿದರೆ ಸಿರಸಂಗಿಯ ವಾಡೆಗೆ ಒಬ್ಬ ಹುಡುಗ ತಕರಾರಿಲ್ಲದೆ ದತ್ತಕ ಬರುವ ದಾರಿಯನ್ನು ತೆರೆದವರಲ್ಲಿ ಕಿತ್ತೂರಿನವರೂ ನರಗುಂದದವರೂ ಇದ್ದಾರೆ. ಜನರ ಮನಸ್ಸನ್ನು ಎಷ್ಟು ದೂರ ನೂಕಬಾರದೆಂದು ಸರಕಾರಕ್ಕೆ ಕಲಿಸಿದವರು ಅವರು.

ಶಿಗ್ಗಾಂವಿಯ ಹುಡುಗ ಸಿರಸಂಗಿಗೆ ಬಂದ ಮೇಲೆ ಲಿಂಗರಾಜನಾದ. ಹೆತ್ತವರು, ಊರು, ಹೆಸರು, ಮೂರೂ ಒಂದೇ ದಿನದಲ್ಲಿ ಬದಲಾದರೆ ಒಂದು ಮಗುವಿಗೆ ಹೇಗಾಗಬಹುದು? ಹಾಸ್ಟೆಲಿಗೆ ಸೇರಿದ ಮೊದಲ ರಾತ್ರಿಯನ್ನು ನೆನೆಸಿಕೊಂಡರೆ ನಮ್ಮಲ್ಲಿ ಎಷ್ಟೋ ಜನರಿಗೆ ಅದರ ಒಂದು ಅಂಶ ತಿಳಿದೀತು. ದತ್ತಕದ ಹುಡುಗನನ್ನು ತಂದದ್ದು ಅವನ ಸುಖಕ್ಕಲ್ಲ, ಮನೆತನದ ದೀಪ ಆರಬಾರದೆಂದು. ಹೆಸರು ಉಳಿಸುವುದು, ಜಮೀನು ಉಳಿಸುವುದು, ಮುಂದೆ ಮಗನನ್ನು ಪಡೆದು ಅವನ ಕೈಗೆ ಕೊಡುವುದು. ಅವನ ಹೊಣೆ ಇಷ್ಟೇ.

ಅವರು ಬೆಳೆದ ಕಾಲ ನೆಟ್ಟಗಿರಲಿಲ್ಲ. ಹದಿನೈದು ತುಂಬಿದ ವರ್ಷ, 1876ರಲ್ಲಿ, ಮಳೆ ಕೈಕೊಟ್ಟು ಶುರುವಾದ ಬರ ಎರಡು ವರ್ಷ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹುರಿದು ಹಾಕಿತು. ಎರೆ ಹೊಲದ ಜೋಳವನ್ನೇ ನಂಬಿದ ಸವದತ್ತಿ, ನವಲಗುಂದ ಸೀಮೆಗೆ ಮಳೆ ಇಲ್ಲವೆಂದರೆ ಬೇರೆ ಆಧಾರವಿರಲಿಲ್ಲ. ಇಂದು ನಾವು ನೋಡುವ ನವಿಲುತೀರ್ಥದ ಅಣೆಕಟ್ಟೆಗೆ ಇನ್ನೂ ನೂರು ವರ್ಷ ಬಾಕಿಯಿತ್ತು. 1896ರಲ್ಲಿ ಮತ್ತೆ ಬರ, ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು. ಎರಡು ವರ್ಷಗಳಲ್ಲಿ ಅದು ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿತು. 1899ರಲ್ಲಿ ಇನ್ನೊಂದು ಬರ. ಆಗ ಲಿಂಗರಾಜರಿಗೆ ಮೂವತ್ತೈದರಿಂದ ಮೂವತ್ತೆಂಟು, ಈಗ ನಾನಿರುವ ವಯಸ್ಸು. ಆ ವಯಸ್ಸಿನಲ್ಲಿ ನಾವು ಮನೆ ಸಾಲದ ಕಂತು ಎಷ್ಟು ಉಳಿಯಿತೆಂದು ಲೆಕ್ಕ ಹಾಕುತ್ತೇವೆ. ಅವರು ಊರಿನ ಎಷ್ಟು ಮನೆಗಳಲ್ಲಿ ಒಲೆ ಹೊತ್ತಿದೆ ಎಂದು ನೋಡಬೇಕಾದ ಸ್ಥಾನದಲ್ಲಿದ್ದರು.

ಬರಕ್ಕಿಂತ ನಿಧಾನವಾಗಿ ಕೊಲ್ಲುವ ಇನ್ನೊಂದು ಕೊರತೆಯೂ ಆಗಿತ್ತು. ಅದು ವಿದ್ಯೆಯ ಕೊರತೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸರಕಾರದ ಕಚೇರಿಯೆಲ್ಲ ಮರಾಠಿಮಯವಾಗಿದ್ದ ದಿನಗಳವು. ಶಿಕ್ಷಣ ಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲಿಗಳನ್ನು ತೆರೆಸಿ 1881ರಲ್ಲಿ ತೀರಿಕೊಂಡರು. ಅವರಿಂದಾಗಿ ನಾಲ್ಕಕ್ಷರ ಕಲಿಯಲು ದಾರಿಯಾಯಿತು. ಮುಂದೆ? ಹೈಸ್ಕೂಲು ಬೇಕೆಂದರೆ ಬೆಳಗಾವಿ ಅಥವಾ ಧಾರವಾಡ. ಬಿ.ಎ. ಆಗಬೇಕೆಂದರೆ ಪುಣೆ ಅಥವಾ ಮುಂಬಯಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಲಿಂಗರಾಜರು ಹೋಗಿ ಹನ್ನೊಂದು ವರ್ಷಗಳಾದ ಮೇಲೆ. ಒಕ್ಕಲುತನದ ಮನೆಯವರು ಮಗನನ್ನು ಪುಣೆಯಲ್ಲಿಟ್ಟು ಓದಿಸುವುದು ಎಲ್ಲಿಯ ಮಾತು? ಹೊಲ ಮಾರಬೇಕು, ಇಲ್ಲವೇ ಸಾಲಿ ಬಿಡಿಸಬೇಕು. ಹೆಚ್ಚಿನವರು ಎರಡನೆಯದನ್ನೇ ಮಾಡುತ್ತಿದ್ದರು.

ಈ ಕೊರತೆಯನ್ನು ಕಂಡವರು ಧಾರವಾಡದಲ್ಲಿ ಕೆಲವರಿದ್ದರು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಸೇರಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಒಂದು ನಿಧಿ ಕೂಡಿಸುವುದು, ಅದರ ಬಡ್ಡಿಯಿಂದ ಓದುವ ಹುಡುಗರಿಗೆ ನೆರವು ಕೊಡುವುದು ಅವರ ಯೋಚನೆ. ಬೀಜವನ್ನು ತಿನ್ನದೆ ಬೆಳೆಯನ್ನು ಮಾತ್ರ ಉಣ್ಣುವ ಈ ಲೆಕ್ಕ ಒಕ್ಕಲಿಗರಿಗೆ ಹೊಸದಲ್ಲ. ಆದರೆ ವಿದ್ಯೆಗೆ ಆ ಲೆಕ್ಕ ಹಚ್ಚಿದ್ದು ನಮ್ಮ ಕಡೆ ಹೊಸದು. ಲಿಂಗರಾಜರ ಮುಂದಿನ ನಿರ್ಧಾರದ ಬೇರು ಈ ವಾತಾವರಣದಲ್ಲಿದೆ.

ಆ ಕಾಲದಲ್ಲಿ ಕಾಯ್ದೆ ಮಾಡುತ್ತಿದ್ದವರು ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಮುಂಬಯಿ ಗವರ್ನರನ ಶಾಸನ ಪರಿಷತ್ತಿಗೆ ಭಾರತೀಯರನ್ನು ಸೇರಿಸಿಕೊಳ್ಳುವ ದಾರಿ ತೆರೆದದ್ದು 1861ರ ಕೌನ್ಸಿಲ್ ಕಾಯ್ದೆ, ಅಂದರೆ ಲಿಂಗರಾಜರು ಹುಟ್ಟಿದ ವರ್ಷ. ಗವರ್ನರನಿಗೆ ಬೇಕಾದ ಬೆರಳೆಣಿಕೆಯ ಜನ ಅಲ್ಲಿ ಕೂಡುತ್ತಿದ್ದರು. 1892ರಲ್ಲಿ ಬಾಗಿಲು ಸ್ವಲ್ಪ ಅಗಲವಾಯಿತು. ಮುನಿಸಿಪಾಲಿಟಿಗಳು, ಜಿಲ್ಲಾ ಲೋಕಲ್ ಬೋರ್ಡುಗಳು, ಸರದಾರರು ಹೆಸರುಗಳನ್ನು ಶಿಫಾರಸು ಮಾಡಬಹುದಾಯಿತು. ಮೇಲೆ ಕುಳಿತವ ಒಪ್ಪಿದರೆ ನೇಮಕ. ರೈತನಿಗೆ ಅಲ್ಲಿ ಬಾಯಿ ಇರಲಿಲ್ಲ. ಇಂಥ ದಿನಗಳಲ್ಲಿ ಸೀಮೆಗೆ ಏನಾದರೂ ಆಗಬೇಕೆಂದರೆ ಸರಕಾರಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಜನರೇ ಕೂಡಿ ಸಭೆ ಕಟ್ಟಿಕೊಳ್ಳಬೇಕು.

ಹಾಗೆ ಕೂಡಿದ ದೊಡ್ಡ ಸಭೆಯೊಂದು 1904ರಲ್ಲಿ ಧಾರವಾಡದಲ್ಲಿ ನಡೆಯಿತು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಹುಟ್ಟಿದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಅದು. ಅದಕ್ಕೆ ಅಧ್ಯಕ್ಷರಾದವರು ಸಿರಸಂಗಿ ಲಿಂಗರಾಜರು. ಮರುವರ್ಷ ಬೆಂಗಳೂರಿನಲ್ಲಿ ನಡೆದ ಎರಡನೆಯ ಅಧಿವೇಶನಕ್ಕೂ ಅವರೇ ಅಧ್ಯಕ್ಷರು. ಒಂದು ಊರು ಮುಂಬಯಿ ಪ್ರಾಂತದ್ದು, ಇನ್ನೊಂದು ಮೈಸೂರು ಸಂಸ್ಥಾನದ್ದು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಆ ದಿನಗಳಲ್ಲಿ ಸವದತ್ತಿ ತಾಲ್ಲೂಕಿನ ಹಳ್ಳಿಯ ದೇಸಾಯರೊಬ್ಬರು ಎರಡೂ ಕಡೆಯ ಜನರೆದುರು ಅಧ್ಯಕ್ಷ ಪೀಠದಲ್ಲಿ ಕುಳಿತದ್ದು ಸಣ್ಣ ಮಾತಲ್ಲ.

ಸಭೆಯ ಅಧ್ಯಕ್ಷರಾಗುವುದು ಗೌರವದ ಕೆಲಸ. ಹಾರ ಹಾಕುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಗೊತ್ತುವಳಿ ಪಾಸಾಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಲಿಂಗರಾಜರು ಮನೆಗೆ ಬಂದು ಮಾಡಿದ್ದು ಬೇರೆ. ಅವರಿಗೆ ಮನೆತನ ಮುಂದುವರಿಸುವ ಮಗನಿರಲಿಲ್ಲ. ಆಗಿನ ಪದ್ಧತಿಯಂತೆ ಎದುರಿಗಿದ್ದ ದಾರಿ ಒಂದೇ. ತಾವು ಬಂದ ಹಾಗೆಯೇ ಇನ್ನೊಬ್ಬ ಹುಡುಗನನ್ನು ಯಾವುದೋ ಊರಿನಿಂದ ತಂದು, ಹೆಸರು ಬದಲಿಸಿ, ವಾಡೆಯ ಕೀಲಿಕೈ ಅವನ ಉಡಿಗೆ ಹಾಕುವುದು. ಕಿತ್ತೂರಿನವರು ಪ್ರಾಣ ಕೊಟ್ಟು ಕೇಳಿದ ಹಕ್ಕು ಇದು, ನರಗುಂದದವರು ಗಲ್ಲಿಗೇರಿ ಕೇಳಿದ ಹಕ್ಕು. ಲಿಂಗರಾಜರ ಕಾಲಕ್ಕೆ ಆ ಹಕ್ಕು ಸಿಕ್ಕಿತ್ತು. ಅವರು ಅದನ್ನು ಬಳಸಲಿಲ್ಲ. ಮೃತ್ಯುಪತ್ರ ಬರೆದು, ದೇಸಗತಿಯ ಆಸ್ತಿಯನ್ನು ಸಮಾಜದ ಬಡ ಮಕ್ಕಳ ವಿದ್ಯೆಗೆ ಬಿಟ್ಟರು. 1906ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ತ್ಯಾಗವೀರ ಎಂದು ಜನ ಕರೆದದ್ದು ಇದಕ್ಕಾಗಿ.

ಇದು ಕೇಳಲು ಎಷ್ಟು ಸುಲಭವೋ ಮಾಡಲು ಅಷ್ಟೇ ಕಷ್ಟ. 1874ರ ಮುಂಬಯಿ ವತನ ಕಾಯ್ದೆಯ ಪ್ರಕಾರ ವತನದಾರನು ವತನದ ಜಮೀನನ್ನು ವತನದಾರನಲ್ಲದವರಿಗೆ ತನ್ನ ಜೀವಮಾನದ ಆಚೆಗೆ ಸರಕಾರದ ಮಂಜೂರಾತಿ ಇಲ್ಲದೆ ಕೊಡುವಂತಿರಲಿಲ್ಲ. ಆಸ್ತಿ ಮನೆತನದಲ್ಲಿಯೇ ಉಳಿಯಲಿ ಎಂಬುದೇ ಕಾಯ್ದೆಯ ಉದ್ದೇಶ. ರಕ್ತ ಸಂಬಂಧದವರ ನಿರೀಕ್ಷೆ, ವಾಡೆಯ ಹೆಣ್ಣುಮಕ್ಕಳ ಮುಂದಿನ ಬಾಳು, ದೇಸಗತಿಯನ್ನು ನಂಬಿ ಬದುಕುವ ಎಷ್ಟೋ ಜನ, ಇವೆಲ್ಲವೂ ಮೃತ್ಯುಪತ್ರ ಬರೆಯುವವನ ಕೈ ಹಿಡಿಯುತ್ತವೆ. ಒಂದು ಗುಡಿ ಕಟ್ಟಿಸಿದ್ದರೆ, ಒಂದು ಛತ್ರ ಕಟ್ಟಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಇದ್ದುದೆಲ್ಲವನ್ನೂ ಇನ್ನೂ ಹುಟ್ಟದ ಮಕ್ಕಳ ಓದಿಗೆ ಬರೆಯುವುದು ಆಗ ಯಾರಿಗೂ ರೂಢಿಯಿರದ ಮಾತು.

ನನ್ನ ಉದ್ಯೋಗ ಸಾಫ್ಟ್‌ವೇರ್ ಬರೆಯುವುದು. ನಮ್ಮಲ್ಲಿ ಒಂದು ತಿಳಿವಳಿಕೆ ಇದೆ. ಬರೆದವ ಕೆಲಸ ಬಿಟ್ಟು ಹೋದ ಮೇಲೂ ನಡೆದರೆ ಮಾತ್ರ ಅದು ಒಳ್ಳೆಯ ಕೆಲಸ. ಒಬ್ಬ ಮನುಷ್ಯನ ಮೇಲೆ ನಿಂತ ವ್ಯವಸ್ಥೆ ಅವನೊಂದಿಗೇ ಮಲಗುತ್ತದೆ. ಲಿಂಗರಾಜರ ಏರ್ಪಾಡಿನಲ್ಲಿ ನನಗೆ ಕಾಣುವ ಜಾಣತನ ಇಲ್ಲಿದೆ. ಅವರ ಆಸ್ತಿಯಿಂದ ನಡೆಯುವ ನವಲಗುಂದ ಸಿರಸಂಗಿ ಟ್ರಸ್ಟಿಗೆ ಬೆಳಗಾವಿಯ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾಧಿಕಾರಿ ಬದಲಾಗುತ್ತಾರೆ, ಹುದ್ದೆ ಬದಲಾಗುವುದಿಲ್ಲ. ಒಬ್ಬರ ಮಗ, ಇನ್ನೊಬ್ಬರ ಅಳಿಯ ಎಂಬ ಪ್ರಶ್ನೆಯೇ ಬರುವುದಿಲ್ಲ. ದತ್ತಕ ಒಪ್ಪದ ಕಲೆಕ್ಟರನಿಂದ ಕಿತ್ತೂರು ಕೆಟ್ಟಿತು. ಅದೇ ಕಲೆಕ್ಟರನ ಹುದ್ದೆ ಸಿರಸಂಗಿಯ ಆಸ್ತಿಗೆ ಕಾವಲಾಯಿತು. ಎಂಬತ್ತು ವರ್ಷಗಳ ಅಂತರದಲ್ಲಿ ನಮ್ಮ ನೆಲದಲ್ಲಿ ಇಂಥದೊಂದು ತಿರುವು ಆಗಿದೆ.

ಮುಂದಿನದು ನಮ್ಮೆಲ್ಲರಿಗೂ ಗೊತ್ತಿರುವ ಇತಿಹಾಸ. ಲಿಂಗರಾಜರು ತೀರಿ ಹತ್ತು ವರ್ಷಗಳಿಗೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಒಂದು ಸಾಲಿಯಿಂದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಆರಂಭವಾಯಿತು. ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ಎಚ್.ಎಫ್. ಕಟ್ಟೀಮನಿ, ಸರದಾರ ವಿ.ಜಿ. ನಾಯಕ ಬಹಾದ್ದೂರ ದೇಸಾಯಿ, ಈ ಏಳು ಜನರನ್ನು ಸಪ್ತರ್ಷಿಗಳೆಂದು ನೆನೆಯುತ್ತೇವ. 1933ರಲ್ಲಿ ಆ ಸಂಸ್ಥೆ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಬೈಲಹೊಂಗಲದ, ಸವದತ್ತಿಯ ಹುಡುಗರಿಗೆ ಪುಣೆಯ ಬದಲು ಬೆಳಗಾವಿ ಸಾಕೆನಿಸಿತು. ಬುತ್ತಿ ಕಟ್ಟಿಕೊಂಡು ಹೋಗಿ ಬರುವಷ್ಟು ಹತ್ತಿರ ಕಾಲೇಜು ಬಂತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಅದೇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಆಯಿತು.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ಈಗಿಲ್ಲ. ತಂದೆ ಇನ್ನೊಬ್ಬರ ಹೊಲ ಮಾಡುತ್ತಿದ್ದ ಮನೆ ಅವರದು. ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಬೆಳಗಾವಿಯಲ್ಲಿ ಓದಿ ಬಂದು ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿಗಳಲ್ಲಿ ಗಣಿತ ಕಲಿಸಿದರು. ನಾವು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಸಂಜೆ ಅವರ ಕಟ್ಟೆಯ ಮೇಲೆ ಕೂಡಿಸಿಕೊಂಡು ಬೀಜಗಣಿತ ಹೇಳಿಕೊಡುತ್ತಿದ್ದರು, ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಅವರ ಗೋಡೆಯ ಮೇಲೆ ಲಿಂಗರಾಜರ ಪಟವಿತ್ತು. ಜನವರಿ 10ಕ್ಕೆ ಅದಕ್ಕೆ ಒಂದು ಹೂವಿನ ಎಸಳು ಇಡುತ್ತಿದ್ದರು. ಅವರ ಕೈಯಲ್ಲಿ ಕಲಿತ ನಮ್ಮಲ್ಲಿ ಎಲ್ಲ ಜಾತಿಯ ಹುಡುಗ ಹುಡುಗಿಯರೂ ಇದ್ದೆವು.

ಈ ಕೊನೆಯ ಮಾತನ್ನು ಬೇಕೆಂದೇ ಬರೆದಿದ್ದೇನೆ. ದೊಡ್ಡವರ ಜೀವನ ಚರಿತ್ರೆ ಬರೆಯುವಾಗ ಅದರ ಎಲ್ಲೆಯನ್ನೂ ಹೇಳಬೇಕು. ಲಿಂಗರಾಜರು ತಮ್ಮ ಸಮಾಜದ ಮಕ್ಕಳನ್ನು ನೆನೆದು ಬರೆದರು. ಆಗಿನ ಸಂಘಟನೆಗಳೆಲ್ಲ ಹುಟ್ಟಿದ್ದು ಹಾಗೆಯೇ. ತಮ್ಮ ತಮ್ಮ ಸಮಾಜದ ಹೆಸರಿನಲ್ಲಿ ನಿಧಿ, ಹಾಸ್ಟೆಲು, ಸಾಲಿ. ಸಿರಸಂಗಿಯ ಸೀಮೆಯಲ್ಲಿಯೇ ಇದ್ದ ಎಷ್ಟೋ ಮಕ್ಕಳು ಆ ಮೃತ್ಯುಪತ್ರದ ಹೊರಗೆ ಉಳಿದರು. ಇನ್ನೊಂದು ಸಂಗತಿಯೂ ಇದೆ. ದೇಸಗತಿಯ ಆದಾಯ ಬರುತ್ತಿದ್ದದ್ದು ಗೇಣಿಯಿಂದ. ಬೆಳಗಾವಿಯಲ್ಲಿ ಒಬ್ಬ ಹುಡುಗ ಓದಿದ ಪುಸ್ತಕದ ಹಿಂದೆ, ಎರೆ ಹೊಲದಲ್ಲಿ ಕುಂಟಿ ಹೊಡೆದ ಒಬ್ಬ ಗೇಣಿದಾರನ ಬೆವರಿತ್ತು. ಅವನ ಸ್ವಂತ ಮಗ ಸಾಲಿಗೆ ಹೋದನೋ ಇಲ್ಲವೋ ಎಂಬುದನ್ನು ಯಾರೂ ಬರೆದಿಡಲಿಲ್ಲ.

ಈ ಎರಡು ಎಲ್ಲೆಗಳನ್ನು ದಾಟಿಸುವ ಕೆಲಸ ಮುಂದಿನ ಶಾಸಕರದಾಯಿತು. 1952ರಿಂದ ಪ್ರತಿಯೊಬ್ಬ ವಯಸ್ಕನಿಗೂ ಮತ ಬಂತು. ದೇಸಾಯರಿಗೂ ಒಂದು, ಅವರ ಹೊಲ ಮಾಡುವವನಿಗೂ ಒಂದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿಯ ಕೈಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು. ದೇವರಾಜ ಅರಸರ ಸರಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುವ ಹೊಲಕ್ಕೆ ಒಡೆಯರಾದರು. ಗೇಣಿಯ ಮೇಲೆ ನಿಂತಿದ್ದ ದೇಸಗತಿ, ಮಠ, ಟ್ರಸ್ಟುಗಳ ಲೆಕ್ಕವೆಲ್ಲ ಆಗ ಬದಲಾಯಿತು. ಮಕ್ಕಳ ಓದಿಗೆ ಎಂದು ಇಟ್ಟ ಆದಾಯ ಕಡಿಮೆಯಾದದ್ದು ನಷ್ಟವಲ್ಲವೇ ಎಂದು ಕೇಳುವವರಿದ್ದಾರೆ. ನಷ್ಟ ಹೌದು. ಆದರೆ ಆ ಹೊಲ ಪಡೆದವನ ಮಗಳೂ ಸಾಲಿಗೆ ಬಂದಳು. ನಮ್ಮ ಪ್ರೌಢಶಾಲೆಯಂಥ ಸರಕಾರಿ ಶಾಲೆಗಳು ಹಳ್ಳಿ ಹಳ್ಳಿಗೆ ಬಂದದ್ದು ಅದೇ ಕಾಲದಲ್ಲಿ. ಅವುಗಳಲ್ಲಿ ಜಾತಿ ಕೇಳಿ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಲಿಂಗರಾಜರು ಬರೆದ ವಾಕ್ಯವನ್ನು ಅವರ ನಂತರದ ಶಾಸನಸಭೆಗಳು ಉದ್ದ ಮಾಡಿದವು ಎಂದು ನಾನು ತಿಳಿಯುತ್ತೇನೆ.

ಆ ವಾಕ್ಯ ಇನ್ನೂ ಮುಗಿದಿಲ್ಲ. ನಮ್ಮ ಶಾಲೆಯಲ್ಲಿ ಈಗ ಎಸ್ಸೆಸ್ಸೆಲ್ಸಿ ಪಾಸಾಗುವ ಹೆಣ್ಣುಮಕ್ಕಳಲ್ಲಿ ಕೆಲವರು ಪಿಯುಸಿಗೆ ಹೋಗುವುದಿಲ್ಲ. ಬಸ್ಸು ಸರಿಯಾಗಿಲ್ಲ, ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ, ತಮ್ಮನನ್ನು ಓದಿಸಬೇಕು, ಮದುವೆ ಗೊತ್ತಾಗಿದೆ. ಕಾರಣಗಳು ನೂರು. ಪುಣೆ ದೂರವಾಗಿದ್ದ ಕಾಲದಲ್ಲಿ ಗಂಡು ಹುಡುಗರು ಹೇಳುತ್ತಿದ್ದ ಕಾರಣಗಳೂ ಹೆಚ್ಚು ಕಡಿಮೆ ಇವೇ. ಊರು ಮಾತ್ರ ಬದಲಾಗಿದೆ. ಅವರಿಗೆ ಈಗ ಸವದತ್ತಿ, ಬೈಲಹೊಂಗಲಗಳೇ ಪುಣೆಯಷ್ಟು ದೂರ.

ಈ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ದೊಡ್ಡ ಕಮಾನು ಕಟ್ಟಿಸಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಡೆದಿದೆ. ಅದರ ಮೇಲೆ ದೇಣಿಗೆ ಕೊಟ್ಟವರ ಹೆಸರುಗಳು. ಕಮಾನು ಬೇಡವೆನ್ನುವ ಅಧಿಕಾರ ನನಗಿಲ್ಲ. ಊರಿಗೆ ಬಂದವರಿಗೆ ನಮ್ಮ ಶಾಲೆ ಎದ್ದು ಕಾಣಲಿ ಎಂಬ ಆಸೆ ಒಳ್ಳೆಯದೇ. ಆದರೆ ಆ ಹಣದಲ್ಲಿ ಅರ್ಧವನ್ನಾದರೂ ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟು, ಮುಟ್ಟದ ಹಾಗೆ ಕಟ್ಟಳೆ ಬರೆದು, ಬಡ್ಡಿಯಿಂದ ಪ್ರತಿ ವರ್ಷ ಪಿಯುಸಿಗೆ ಹೋಗುವ ಕೆಲವು ಹೆಣ್ಣುಮಕ್ಕಳ ಬಸ್ ಪಾಸು, ಪುಸ್ತಕ, ಫೀಗೆ ಕೊಡಬಹುದು. ಯಾರ ಮಗಳು, ಯಾವ ಓಣಿಯವಳು ಎಂದು ಕೇಳದೆ ಕೊಡಬಹುದು. ಮುಖ್ಯೋಪಾಧ್ಯಾಯರ ಹುದ್ದೆಯಲ್ಲಿ ಯಾರಿರುತ್ತಾರೋ ಅವರೇ ಅಧ್ಯಕ್ಷರು ಎಂದು ಬರೆದರೆ ನಮ್ಮ ನಮ್ಮೊಳಗಿನ ಜಗಳಕ್ಕೂ ಜಾಗವಿರುವುದಿಲ್ಲ. ನನ್ನ ಪಾಲಿನ ಹಣವನ್ನು ನಾನು ಆ ಲೆಕ್ಕಕ್ಕೇ ಕೊಡುತ್ತಿದ್ದೇನೆ. ನಮ್ಮ ಬ್ಯಾಚಿನ ಇನ್ನೂ ಕೆಲವರು ಒಪ್ಪಿದ್ದಾರೆ.

ನಾವ್ಯಾರೂ ದೇಸಾಯರಲ್ಲ. ನಮಗೆ ವಾಡೆಯಿಲ್ಲ, ವತನವಿಲ್ಲ. ಮಕ್ಕಳಿದ್ದಾರೆ, ಅವರಿಗೂ ಕೂಡಿಡಬೇಕು. ಇದ್ದುದೆಲ್ಲವನ್ನೂ ಬರೆದುಕೊಡಿ ಎಂದು ಯಾರೂ ನಮಗೆ ಹೇಳುವುದಿಲ್ಲ. ಆದರೆ ಈ ಶಾಲೆಯಲ್ಲಿ ಫೀ ಇಲ್ಲದೆ ಕಲಿತ ನಮ್ಮ ಗಳಿಕೆಯಲ್ಲಿ, ನಾವು ಹೆರದ ಮಕ್ಕಳ ಪಾಲೂ ಒಂದಿಷ್ಟು ಇದೆ ಎಂದು ಒಪ್ಪಿಕೊಳ್ಳಬಹುದು. ವಾರಸುದಾರ ಯಾರು ಎಂಬ ಪ್ರಶ್ನೆಗೆ ನೂರಾ ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಪಕ್ಕದ ಊರಿನಲ್ಲಿ ಸಿಕ್ಕ ಉತ್ತರ ಅದೇ.

ಈ ಸಂಚಿಕೆಯನ್ನು ಓದುತ್ತಿರುವ ಈಗಿನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಯಲ್ಲಮ್ಮನ ಗುಡ್ಡಕ್ಕೋ ಸಿರಸಂಗಿಯ ಜಾತ್ರೆಗೋ ಹೋದಾಗ ಕಾಳಮ್ಮನಿಗೆ ಕೈ ಮುಗಿದ ಮೇಲೆ ದೇಸಾಯರ ವಾಡೆಯ ಕಡೆಗೂ ಹೋಗಿ ಬನ್ನಿರಿ. ಅದರ ಬಾಗಿಲಲ್ಲಿ ನಿಂತು ಒಳಗೆ ನೋಡಿರಿ. ಆ ಮನೆಯ ಮಕ್ಕಳ ಸಾಲಿನಲ್ಲಿ ನೀವೂ ಇದ್ದೀರಿ.